ಮಾಳಿಗೆಯ ಮಣ್ಣು

ಮಳೆ ಬಿದ್ದಾಗ ಏಳುವ ಒದ್ದೆ ಮಣ್ಣಿನ ವಾಸನೆ ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು ಮಳೆಯ ನಡುವೆ ಬರುವ ಒಣ ಮಣ್ಣಿನ ವಾಸನೆ. ಹೋದ ಶ್ರಾವಣದಲ್ಲಿ ನರಗುಂದದ ನನ್ನ ಬಾಡಿಗೆ ಮನೆಯ ಎದುರಿಗೆ ಒಂದು ಹಳೆಯ ಮನೆ ಕೆಡವುತ್ತಿದ್ದರು. ಬೆಳಗಿನಿಂದ ಜಿಟಿಜಿಟಿ ಹನಿಯುತ್ತಿತ್ತು. ಚಹಾಕ್ಕೆ ನೀರಿಟ್ಟು ನಿಂತಿದ್ದೆ. ಜೆಸಿಬಿಯ ಹಲ್ಲು ಗೋಡೆಯೊಳಗೆ ಇಳಿದದ್ದೇ ತಡ, ಎಷ್ಟೋ ಕಾಲದಿಂದ ಬಿಸಿಲನ್ನೂ ನೀರನ್ನೂ ಕಾಣದೆ ಗೋಡೆಯ ಹೊಟ್ಟೆಯಲ್ಲಿ ಮಲಗಿದ್ದ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರಲ್ಲಿ ಹಳೆಯ ಹೊಗೆಯಿತ್ತು, ಜೋಳದ ಹೊಟ್ಟಿತ್ತು, ಒಣಗಿದ ಬೇವಿನ ಎಲೆಯ ಕಹಿಯಿತ್ತು. ಮುಂದಿನ ಕ್ಷಣ ನಾನು ಬರಿಗಾಲಲ್ಲಿ ರಸ್ತೆಯ ಮೇಲಿದ್ದೆ, ಕೈಯಲ್ಲಿ ಚಹಾ ಸೋಸುವ ಜಾಲರಿ. ಪಕ್ಕದ ಮನೆಯವರು ಗಾಬರಿಯಾಗಿ, "ಏನಾತ್ರಿ ಟೀಚರ್?" ಅಂದರು. "ಏನಿಲ್ರಿ, ಹಾವು ಕಂಡಂಗಾತು" ಅಂದೆ. ಹಾವು ಅಂದರೆ ಜನ ಮತ್ತೇನೂ ಕೇಳುವುದಿಲ್ಲ. ವಾಸನೆಗೆ ಹೆದರಿ ಮನೆ ಬಿಟ್ಟು ಓಡಿ ಬಂದೆ ಎಂದು ಯಾರಿಗೆ ಹೇಳಲಿ?

ನಮ್ಮ ಮನೆ ಸೂಡಿಯಲ್ಲಿತ್ತು. ಇತ್ತು ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ನೀವೂ ಹೀಗೇ ತಡೆದಿರಬಹುದು. ದೊಡ್ಡ ಬಾಗಿಲು ದಾಟಿದರೆ ಎತ್ತು ಎಮ್ಮೆಗಳ ಅಂಕಣ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಎಲ್ಲಕ್ಕಿಂತ ಒಳಗೆ ಹಗಲಲ್ಲೂ ದೀಪ ಬೇಡುವ ದೇವರ ಮನೆ. ಕಿಟಕಿ ಒಂದೂ ಇರಲಿಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಒಂದು ಬಿಸಿಲ ಕೋಲು ಇಳಿದು, ಪಡಸಾಲೆಯ ಸೆಗಣಿ ಸಾರಿಸಿದ ನೆಲದ ಮೇಲೆ ದಿನವಿಡೀ ನಡೆಯುತ್ತಿತ್ತು. ಅದು ಬೀಸುವ ಕಲ್ಲನ್ನು ಮುಟ್ಟಿತೆಂದರೆ ಅವ್ವ ಹೊಲಕ್ಕೆ ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು, ಮೂಲೆಯ ಜೋಳದ ಚೀಲವನ್ನು ಮುಟ್ಟಿತೆಂದರೆ ನಾನು ಸಾಲೆಯಿಂದ ಬರುವ ಹೊತ್ತು. ಆ ಬೆಳಕಿನಲ್ಲಿ ಧೂಳಿನ ಕಣಗಳು ಏರುತ್ತ ಇಳಿಯುತ್ತ ಇರುತ್ತಿದ್ದವು. ಅದರ ಕೆಳಗೆ ಅಂಗಾತ ಮಲಗಿ ಅವನ್ನು ನೋಡುವುದೇ ನನಗೊಂದು ಆಟವಾಗಿತ್ತು. ಆಗ ನನಗೆ ಮೇಲೆ ನೋಡುವುದೆಂದರೆ ಭಯವಿರಲಿಲ್ಲ.

ಅಪ್ಪ ಗೋವಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ. ಮನೆ ನಡೆಸುತ್ತಿದ್ದವರು ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಮತ್ತು ಅಪ್ಪನ ತಮ್ಮ ನಿಂಗಪ್ಪ ಕಾಕಾ. ಕಾಕಾನಿಗೆ ಹೊಲದ ಮೇಲೆ ಇದ್ದಷ್ಟೇ ಅಭಿಮಾನ ಮಾಳಿಗೆಯ ಮೇಲೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ನಮ್ಮ ಕಡೆಯ ಮಾಳಿಗೆ ಅಂದರೆ ಮಹಡಿಯಲ್ಲ, ಈ ಮಣ್ಣಿನ ಚಾವಣಿ ಅಷ್ಟೇ. ಆ ಮಣ್ಣು ಎಲ್ಲಿಯದೋ ಆಗುವಂತಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಮನೆಗಳಿದ್ದು ಬಿದ್ದುಹೋದ ಜಾಗದ ಮಣ್ಣೇ ಬೇಕು. ಅದನ್ನು ಹಾಳಮಣ್ಣು ಅನ್ನುತ್ತಾರೆ. ಅದು ನೀರು ಕುಡಿಯುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾಕಾ ಒಂದು ಗಾಡಿ ಹಾಳಮಣ್ಣು ತಂದು ಮಾಳಿಗೆಗೆ ಏರಿಸಿ, ಹರವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ಓಣಿಯವರೆಲ್ಲ ಕೇಳುವಂತೆ ಹೇಳುತ್ತಿದ್ದ: "ನೋಡ್ರಿ, ಈ ವರ್ಷನೂ ಹನಿ ಸೋರಂಗಿಲ್ಲ!" ಸೋರುತ್ತಿರಲಿಲ್ಲ, ಖರೆ. ಬೇರೆಯವರ ಮನೆಯಲ್ಲಿ ಬೋಗುಣಿ ಇಟ್ಟು ನೀರು ಹಿಡಿಯುತ್ತಿದ್ದಾಗ ನಾವು ಬೆಚ್ಚಗೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆವು. ಆಯಿಯ ಮಾವ ಹಾಕಿದ ಮಣ್ಣಿನ ಮೇಲೆ ಆಯಿಯ ಗಂಡ ಹಾಕಿದ, ಅದರ ಮೇಲೆ ಕಾಕಾ ಹಾಕಿದ. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ತೆಗೆಯಬೇಕೆಂದು ಮೂರು ತಲೆಮಾರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ತೆಗೆದರೆ ಹಿರಿಯರ ಕೈ ತೆಗೆದಂತೆ ಅಲ್ಲವೆ?

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮಾಸ್ತರು ಒಂದು ಹೊಸ ಕೆಲಸ ಹಚ್ಚಿದರು. ಮೂರು ಮೂರು ಮಕ್ಕಳು ಗುಂಪಾಗಿ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಹುಡುಕಿ ಸಂದರ್ಶನ ಮಾಡಬೇಕು, ಅವರು ಆ ಕೆಲಸಕ್ಕೆ ಹೇಗೆ ಬಂದರು, ದಿನಾ ಏನು ಮಾಡುತ್ತಾರೆ ಎಂದು ಕೇಳಿ ಬಂದು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಓದಬೇಕು. ನನ್ನ ಗುಂಪಿನಲ್ಲಿ ಗಾದಿ ಹೊಲಿಯುವ ಮೌಲಾಸಾಬರ ಮಗಳು ರೇಷ್ಮಾ ಇದ್ದಳು, ನಮ್ಮ ಓಣಿಯ ಮಲ್ಲ್ಯಾ ಇದ್ದ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವ ಎಂಜಿನಿಯರೊಬ್ಬರ ಹತ್ತಿರ ಮೊದಲು ಹೋದೆವು. ರೇಷ್ಮಾ ನೆಟ್ಟಗೆ ನಿಂತು, "ತಾವು ಈ ಕ್ಷೇತ್ರವನ್ನು ಆಯ್ಕೆ ಮಾಡಲು ಪ್ರೇರಣೆ ಏನು?" ಎಂದು ಮಾಸ್ತರು ಕಲಿಸಿದಂತೆ ಕೇಳಿದಳು. ಮಲ್ಲ್ಯಾ ನಡುವೆ ಬಾಯಿ ಹಾಕಿ, "ಗಾಳಿ ಬಿಡದಿದ್ರ ನಿಮಗ ಸೂಟಿಯೇನ್ರಿ ಸರ್?" ಅಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಅವನ ಪ್ರಶ್ನೆಗೇ ಹೆಚ್ಚು ಹೊತ್ತು ಉತ್ತರ ಹೇಳಿದರು. ಲಕ್ಕಲಕಟ್ಟಿಯ ಹೊಲಕ್ಕೆ ಹೆಸರುಕಾಳಿನ ತಳಿ ನೋಡಲು ಬಂದಿದ್ದ ವಿಜ್ಞಾನಿಯೊಬ್ಬರು, ನನ್ನ ಕೆಲಸದ ಮುಕ್ಕಾಲು ಭಾಗ ಕಾಯುವುದು ಅಂದಿದ್ದರು. ಉಳಿದದ್ದು ಒಬ್ಬರೇ. ಊರ ಹೊರಗಿನ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತಿದ್ದ ವೀಣಾ ಮೇಡಂ.

ಅವರು ಮೈಸೂರು ಕಡೆಯವರು, ರೋಣದಲ್ಲಿ ಮನೆ ಮಾಡಿದ್ದರು. ತಲೆಗೆ ಹಳದಿ ಟೋಪಿ ಹಾಕಿ ಗಂಡಸರಿಗೆ ಕೆಲಸ ಹೇಳುತ್ತಿದ್ದ ಅವರನ್ನು ನಾವು ದೂರದಿಂದ ಎಷ್ಟೋ ಸಲ ನೋಡಿದ್ದೆವು. ಯಾವಾಗ ಕೇಳಿದರೂ ಬಿಡುವಿಲ್ಲ ಎನ್ನುತ್ತಿದ್ದರು. ಆ ವಾರ ಜಡಿಮಳೆ ಹಿಡಿಯಿತು. ಹೊಳೆಆಲೂರಿನ ಕಡೆ ಮಲಪ್ರಭೆ ದಂಡೆ ಮೀರಿದಳೆಂದು ಸುದ್ದಿ, ನಮ್ಮ ಹಳ್ಳವೂ ತುಂಬಿ ಸೇತುವೆಯ ಕೆಲಸ ನಿಂತಿತು, ಸಾಲೆಗೆ ಸೂಟಿ ಕೊಟ್ಟರು. ಹಾಗಾಗಿ ಅವರಿಗೆ ಬಿಡುವು ಸಿಕ್ಕಿತು, ನಮ್ಮ ಮನೆಯೇ ಸಂದರ್ಶನದ ಜಾಗವಾಯಿತು. ಇದನ್ನು ನಾನು ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೋ! ಮಳೆ ಬರದಿದ್ದರೆ ಅವರು ಬರುತ್ತಿರಲಿಲ್ಲ. ಮಳೆ ಬರದಿದ್ದರೆ ಅವರು ಬರಬೇಕಾಗಿಯೂ ಇರಲಿಲ್ಲ. ಸಾಲೆ ತೆರೆದಿದ್ದರೆ ನಾವು ಸಾಲೆಯ ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳುತ್ತಿದ್ದೆವು, ಆಯಿ ಒಬ್ಬಳೇ ಒಳಗಿರುತ್ತಿದ್ದಳು. ಇಲ್ಲಿಗೆ ಬಂದಾಗಲೆಲ್ಲ ಮನಸ್ಸು ಹೆದರಿ ಹಿಂದಕ್ಕೆ ಸರಿಯುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಮಧ್ಯಾಹ್ನ ಅವರು ಬಂದರು. ಟೋಪಿ ಇರಲಿಲ್ಲ, ಚೂಡಿದಾರ ಮೊಣಕಾಲಿನವರೆಗೆ ರಾಡಿಯಾಗಿತ್ತು. ಆಯಿ ಕಾಲಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಕಂಬಳಿ ಹಾಸಿ, ಕೂಡಿಸಿ, ಅವರ ಕೊರಳಿನ ತಾಳಿಯನ್ನು ಒಮ್ಮೆ ನೋಡಿಕೊಂಡಳು. ಮುತ್ತೈದೆ, ಮೊದಲ ಸಲ ಮನೆಗೆ ಬಂದವಳು. ಮಡಿಲಿಗೆ ಅಕ್ಕಿ, ರವಿಕೆಯ ಖಣ ಹಾಕಿ ಉಡಿ ತುಂಬದೆ ಕಳಿಸುವಂತಿಲ್ಲ. "ಏನವ್ವಾ, ಮಾತಾಡು. ನಿನ್ನ ಕನ್ನಡ ಕೇಳಾಕ ಭಾಳ ಚಂದ, ಹಾಲಿಗೆ ಸಕ್ಕರಿ ಹಾಕಿದಂಗ" ಅಂದಳು. ಮೇಡಂ ನಕ್ಕು, "ನಿಮ್ಮದು ಖಾರದ ಚಟ್ನಿ ಇದ್ದ ಹಾಗೆ ಅಜ್ಜಿ, ಅದೂ ಬೇಕು" ಅಂದರು. ಕಾಕಾ ಕಂಬಕ್ಕೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವ್ವ ಅವಲಕ್ಕಿ ಒಗ್ಗರಣೆ ಹಾಕಿ ತಂದಿಟ್ಟಳು. ಹೊರಗೆ ಮಳೆಯ ಒಂದೇ ಸಮನಾದ ಸದ್ದು, ಒಳಗೆ ಎಮ್ಮೆ ಮೆಲುಕು ಹಾಕುವ ಸದ್ದು. ನಾನು ಕೇಳಿದೆ, ರೇಷ್ಮಾ ಕೇಳಿದಳು. ಗಣಿತ ಬರದಿದ್ದರೆ ಎಂಜಿನಿಯರ್ ಆಗಲು ಬರುತ್ತದೆಯೇ, ಗಂಡಸರು ಮಾತು ಕೇಳುತ್ತಾರೆಯೇ, ಸೇತುವೆ ಬಿದ್ದರೆ ಯಾರನ್ನು ಹಿಡಿಯುತ್ತಾರೆ. ಮೇಡಂ ಒಂದೊಂದಕ್ಕೂ ದೊಡ್ಡವರಿಗೆ ಹೇಳಿದಂತೆ ಉತ್ತರ ಹೇಳಿದರು. ಕೊನೆಗೆ ಮಲ್ಲ್ಯಾ ಬಾಯಿತುಂಬ ಅವಲಕ್ಕಿ ಇಟ್ಟುಕೊಂಡೇ ಕೇಳಿದ: "ನೀವು ಯಾರದರ ಮನಿಗೆ ಹೋದ್ರ ಮೊದಲ ಏನ ನೋಡ್ತೀರಿ ಮೇಡಂ?"

"ಏನು ನೋಡ್ತೀನಿ ಅಂದ್ರೆ..." ಅವರು ನಗುತ್ತಲೇ ಹೇಳಿದರು, "ಕೆಟ್ಟ ಅಭ್ಯಾಸ ಕಣೋ. ಮೇಲೆ ನೋಡ್ತೀನಿ."

ಹಾಗೆ ಹೇಳಿ ಮೇಲೆ ನೋಡಿದರು. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣುಗಳು ಮಾತ್ರ ಕೆಳಗಿಳಿಯಲಿಲ್ಲ. ತೊಲೆಯ ಉದ್ದಕ್ಕೂ ಹೋಗಿ ಅದು ಗೋಡೆಯೊಳಗೆ ಸೇರುವ ಕಡೆ ನಿಂತವು. ಆಗಲೇ ನನಗೂ ಆ ಸದ್ದು ಕೇಳಿದ್ದು. ಮುಂಜಾನೆಯಿಂದ ಕೇಳುತ್ತಲೇ ಇತ್ತೇನೋ, ಮಳೆಯಲ್ಲಿ ಬೆರೆತಿತ್ತು. ಸರ್... ಸರ್... ಎಂದು, ಯಾರೋ ಮೇಲಿನಿಂದ ಚಿಟಿಕೆ ಚಿಟಿಕೆ ಹಿಟ್ಟು ಉದುರಿಸಿದಂತೆ, ಅವಲಕ್ಕಿಯ ತಾಟಿನ ಅಂಚಿಗೆ ಮಣ್ಣಿನ ಹುಡಿ ಬೀಳುತ್ತಿತ್ತು.

"ಈ ಮಣ್ಣು ಎಷ್ಟು ದಪ್ಪ ಇದೆ?" ಮೇಡಂ ಕಾಕಾನನ್ನು ಕೇಳಿದರು.

ಕಾಕಾನಿಗೆ ಬೇಕಾಗಿದ್ದ ಪ್ರಶ್ನೆ. ಎದ್ದು ನಿಂತು ತನ್ನ ಸೊಂಟ ಮುಟ್ಟಿ ತೋರಿಸಿದ. "ಇಷ್ಟ ಐತ್ರಿ. ಊರಾಗ ಇಂಥಾ ಮಾಳಿಗಿ ಇಲ್ಲ. ವರ್ಷಾ ಹಾಕತೇವಿ. ಎಂಟು ದಿವಸದ ಮಳಿಗೂ ಹನಿ ಸೋರಿಲ್ಲ, ನೋಡ್ರಿ ಬೇಕಾದ್ರ!"

"ಹಳೆಯದನ್ನ ತೆಗೀತೀರಾ?"

"ತಗಿಯೋದು ಯಾಕ್ರಿ?"

ಮೇಡಂ ಎದ್ದು ಹೋಗಿ ಅಡುಗೆಮನೆಯ ಅರೆತೆರೆದ ಬಾಗಿಲನ್ನು ತಳ್ಳಿ ನೋಡಿದರು, ಅದು ಚೌಕಟ್ಟಿಗೆ ಕಚ್ಚಿಕೊಂಡಿತ್ತು. "ಮಳಿಗಾಲಕ್ಕ ಬಾಗಲಾ ಉಬ್ಬತಾವ್ರಿ" ಅಂದ ಕಾಕಾ. ಅವರು ತೊಲೆ ಕೂತ ಗೋಡೆಗೆ ಅಂಗೈ ಒತ್ತಿದರು, ಒದ್ದೆಯಾದ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ನಮ್ಮ ಕಡೆ ತಿರುಗಿ, ತಾಟು ತೆಗೆದಿಡಿ ಎಂಬಷ್ಟು ಸಾದಾ ದನಿಯಲ್ಲಿ ಹೇಳಿದರು: "ಮಕ್ಕಳೇ, ಉಳಿದದ್ದನ್ನ ಹೊರಗೆ ಕೇಳಿ. ಈಗಲೇ. ಚಪ್ಪಲಿ ಹುಡುಕಬೇಡಿ." ಕಾಕಾನಿಗೆ, "ದನ ಬಿಚ್ಚಿ. ವಾದ ಆಮೇಲೆ ಮಾಡೋಣ." ಆ ದನಿಯಲ್ಲಿ ಏನಿತ್ತೋ, ಊರಿನ ಗೌಡರ ಮಾತನ್ನೂ ಕೇಳದ ಕಾಕಾ ಎಮ್ಮೆಯ ಹಗ್ಗಕ್ಕೆ ಕೈ ಹಾಕಿದ. ಅವ್ವ ರೇಷ್ಮಾಳನ್ನೂ ಮಲ್ಲ್ಯಾನನ್ನೂ ಎಳೆದುಕೊಂಡು ಹೊರಗೆ ಓಡಿದಳು. ನಾನು ದೊಡ್ಡ ಬಾಗಿಲಿನ ಹೊಸ್ತಿಲ ಮೇಲೆ ನಿಂತುಬಿಟ್ಟೆ, ಒಂದು ಕಾಲು ಮಳೆಯಲ್ಲಿ, ಒಂದು ಕಾಲು ಮನೆಯಲ್ಲಿ. ಆಯಿ ಹೊರಗೆ ಬಂದಿರಲಿಲ್ಲ.

ಬಾಗಿಲುಗಳ ನೇರಕ್ಕೆ ಒಳಗಿನವರೆಗೂ ಕಾಣುತ್ತಿತ್ತು. ಆಯಿ ದೇವರ ಮನೆಯಲ್ಲಿದ್ದಳು. ಉಡಿ ತುಂಬಲು ಟ್ರಂಕು ತೆರೆದಿದ್ದಳು.

"ಅಜ್ಜಿ, ಹೊರಗೆ ಬನ್ನಿ. ಮನೆ ಬೀಳುತ್ತೆ" ಅಂದರು ಮೇಡಂ.

"ಬೀಳತೈತಿ? ನಾ ಬಂದಾಗಿಂದ ನಿಂತೈತಿ, ಇವತ್ತು ಬೀಳತೈತೇನ? ನೀ ಒಳಗ ಬಾ ತಂಗಿ, ದೇವರ ಮುಂದ ಕೂಡು. ಬರಿ ಉಡಿಲೆ ಕಳಸಾಕ ನಾ ಏನ ಹುಚ್ಚಿಯೇನು?"

ಬೇರೆ ಯಾರಾದರೂ ಆಗಿದ್ದರೆ ಕೈ ಹಿಡಿದು ಎಳೆಯುತ್ತಿದ್ದರು, ಆಯಿ ಕಂಬ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ಮೇಡಂ ಎಳೆಯಲಿಲ್ಲ. ಅವರ ಹೆಗಲ ಮೇಲೆ ಮಣ್ಣು ಉದುರುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ಅವರ ದನಿ ಬೇರೆಯಾಯಿತು, ತವರಿಗೆ ಬಂದ ಮಗಳ ದನಿ. "ಅಜ್ಜಿ, ನನಗೊಂದು ಆಸೆ. ಹನುಮಪ್ಪನ ಗುಡಿಯಲ್ಲಿ ತುಂಬ್ತೀರಾ? ಅವನ ಮುಂದೆ ಉಡಿ ತುಂಬಿಸ್ಕೋಬೇಕು ನಾನು."

ಒಳಗೆ ಟ್ರಂಕಿನ ಸದ್ದು ನಿಂತಿತು. "ಹಾಂ," ಅಂದಳು ಆಯಿ, "ಅದು ಮಾತು. ಗುಡ್ಯಾಗ ಆದ್ರ ಇನ್ನೂ ಚಲೋ. ತಡಿ, ಖಣ ತಗೋತೀನಿ."

ಆ ಖಣ ಆರಿಸಿದ ಹೊತ್ತು ನನ್ನ ಬದುಕಿನಲ್ಲಿ ಇನ್ನೂ ಮುಗಿದಿಲ್ಲ. ಗುಳೇದಗುಡ್ಡದ ಖಣಗಳನ್ನು ಆಯಿ ಒಂದೊಂದಾಗಿ ದೀಪಕ್ಕೆ ಹಿಡಿಯುತ್ತಿದ್ದಳು. ಹಸಿರು ಬೇಡ, ಬಣ್ಣ ಮಾಸಿದೆ. ಕೆಂಪು ಬೇಡ, ಅದನ್ನು ಯಾರೋ ಕೊಟ್ಟದ್ದು, ಕೊಟ್ಟದ್ದನ್ನು ಕೊಡಬಾರದು. "ಯಾವುದಾದರೂ ಚೆಂದ ಅಜ್ಜಿ" ಅಂದರು ಮೇಡಂ. "ಯಾವುದರ ಅಂದ್ರ ಹ್ಯಾಂಗ? ಬೆಳ್ಳಗದೀ, ನಿನಗ ನೀಲಿ ಒಪ್ಪತೈತಿ." ತೊಲೆ ಎಲ್ಲಿಯೋ ನರಳಿತು. ಎತ್ತಿನ ಗಾಡಿಯ ಅಚ್ಚು ತಿರುವಿನಲ್ಲಿ ನರಳಿದಂಥ ಸದ್ದು. ಮೇಡಂ ಮಾತ್ರ ದೇವರ ಮನೆಯ ಬಾಗಿಲಲ್ಲೇ ನಿಂತಿದ್ದರು. ಓಡಲಿಲ್ಲ, ಅವಸರ ಮಾಡಲಿಲ್ಲ, ಆಯಿ ಕೊಟ್ಟ ಅಕ್ಕಿಯ ಪಾವನ್ನೂ ಕೊಬ್ಬರಿ ಬಟ್ಟಲನ್ನೂ ಒಂದೊಂದಾಗಿ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಅವರ ಬೆನ್ನಿಗೆ ಅಂಟಿದ ಬಟ್ಟೆ ನಡುಗುತ್ತಿದ್ದುದು ಬೆಳಕಿಂಡಿಯ ಮಂಕು ಬೆಳಕಿನಲ್ಲಿ ನನಗೊಬ್ಬಳಿಗೇ ಕಂಡಿತು.

ಇಬ್ಬರೂ ಬಂದರು. ಆಯಿ ಹೊಸ್ತಿಲ ಹತ್ತಿರ ನಿಂತು, "ಬಾಗಲಾ ಮುಂದ ಮಾಡಬೇ ಗೀತವ್ವಾ, ನಾಯಿ ಹೊಕ್ಕಾವು" ಅಂದಳು. ನಾನು ಬಾಗಿಲು ಎಳೆದೆ. ಆ ಹಿಡಿಕೆಯ ತಣ್ಣನೆಯ ಕಬ್ಬಿಣ ಈಗಲೂ ಅಂಗೈಯಲ್ಲಿದೆ.

ಗುಡಿ ಓಣಿಯ ಆಚೆ ಬದಿಗೆ, ಕಲ್ಲಿನದು. "ಸೀರಿ ಉಟ್ಟಿಲ್ಲ, ಉಡಿ ಎಲ್ಲಿ ಒಡ್ಡತಿ?" ಎಂದು ಆಯಿ ನಕ್ಕಳು. ಮೇಡಂ ಒದ್ದೆಯಾದ ವೇಲನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು. ಅಕ್ಕಿ, ಅರಿಷಿಣ ಬೇರು, ಉತ್ತತ್ತಿ, ಮೇಲೆ ನೀಲಿ ಖಣ. ಕುಂಕುಮ ಹಚ್ಚುವಾಗ ಅವರು ತಿರುಗಿ ತಿರುಗಿ ನಮ್ಮ ಮನೆಯ ಕಡೆ ನೋಡುತ್ತಿದ್ದುದನ್ನು ಆಯಿ ಕಂಡಳು. "ಯಾಕವ್ವಾ, ಅಂಜಿಯೇನು?" ಎಂದು ಕೇಳಿದಳು. ಮಲ್ಲ್ಯಾ, ರೇಷ್ಮಾ, ನಾನು ಕೇಳಬೇಕೆಂದು ಬರೆದುಕೊಂಡಿದ್ದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. "ಅಂಜಿಕೆ ಯಾವಾಗಲೂ ಇರುತ್ತೆ ಅಜ್ಜಿ," ಅಂದರು ಮೇಡಂ, "ಅದಕ್ಕೇ ಮೇಲೆ ನೋಡೋದು."

ಆಗ ಅದು ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಹೊರೆ ಹೊತ್ತವನು ಹೊರೆ ಇಳಿಸಿ ಉಸಿರು ಬಿಟ್ಟಂತೆ, ಧಪ್ ಎಂದು ಒಂದು ಸಲ, ಕಾಲ ಕೆಳಗಿನ ಕಲ್ಲು ನಡುಗಿತು. ನಾನು ಎಳೆದುಕೊಂಡ ಬಾಗಿಲು ಚೌಕಟ್ಟಿನ ಸಮೇತ ಓಣಿಗೆ ಒರಗಿತು. ಅದರ ಹಿಂದಿನಿಂದ, ಅಷ್ಟು ಮಳೆಯಲ್ಲಿ, ಧೂಳು ಎದ್ದಿತು. ಮೂರು ತಲೆಮಾರಿನ ಒಣ ಮಣ್ಣು ಮಳೆಗೆ ಎದುರಾಗಿ ಏರಿ ಗುಡಿಯೊಳಗೆ ಬಂದು ನಮ್ಮ ಮುಖದ ಮೇಲೆ, ಆಯಿಯ ಕೈಯಲ್ಲಿದ್ದ ಕುಂಕುಮದ ಭರಣಿಯ ಮೇಲೆ ಕೂತಿತು. ಯಾರೂ ಅಳಲಿಲ್ಲ. ಎಮ್ಮೆ ಮಾತ್ರ ಮಳೆಯಲ್ಲಿ ನಿಂತು ಕೂಗುತ್ತಿತ್ತು.

ಸಾಲೆ ಶುರುವಾದ ಮೇಲೆ ರೇಷ್ಮಾ ನಮ್ಮ ಸಂದರ್ಶನ ಓದಿದಳು. ಮಲ್ಲ್ಯಾನ ಪ್ರಶ್ನೆ, ಮೇಡಂ ಕೊಟ್ಟ ಉತ್ತರ ಬಂದಾಗ, ಕೂತ ಮಕ್ಕಳೆಲ್ಲ ಮಾಸ್ತರುಗಳ ಸಮೇತ ಕತ್ತೆತ್ತಿ ಸಾಲೆಯ ಛತ್ತನ್ನು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ನಾನೊಬ್ಬಳು ನೆಲ ನೋಡುತ್ತಿದ್ದೆ. ಏಕೆಂದರೆ ಅಷ್ಟರಲ್ಲಿ ಓಣಿಯಲ್ಲಿ ಬೇರೆ ಮಾತು ಹುಟ್ಟಿತ್ತು. ಅಷ್ಟು ವರ್ಷ ನಿಂತ ಮನೆ ಆಕೆ ನೋಡಿದ ದಿನವೇ ಯಾಕೆ ಬಿತ್ತು? ದೃಷ್ಟಿಯೇ ಅಂಥದ್ದು. ಮನೆ ಬಿದ್ದ ಮರುದಿನ ಮೇಡಂ ನೋಡಲು ಬಂದಾಗ ಪಕ್ಕದ ಮನೆಯಾಕೆ ಕೂಸನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಹೋದಳು. ಆಯಿ ಮಾತ್ರ ಗುಡಿಯ ಕಟ್ಟೆಯಿಂದ, "ಬಾರವ್ವಾ, ಇಲ್ಲೇ ಕೂಡು" ಎಂದು ಕರೆದು ಬದಿಗೆ ಕೂಡಿಸಿಕೊಂಡಳು. ಸೇತುವೆ ಮುಗಿದ ಮೇಲೆ ಮೇಡಂ ಬೇರೆ ಊರಿಗೆ ಹೋದರು.

ಅಪ್ಪ ಗೋವಾದಿಂದ ಬಂದು ರಸ್ತೆಯ ಬದಿಯ ಜಾಗದಲ್ಲಿ ತಗಡಿನ ಮನೆ ಹಾಕಿದ, ಕಾಕಾ ಹೊಲದಲ್ಲಿ ಹಾಕಿದ. ಒಂದು ಒಲೆ ಎರಡಾಯಿತು. ಬೆಳಕಿಂಡಿ ಇಲ್ಲದ್ದರಿಂದ ಅವ್ವ ಗಡಿಯಾರ ನೋಡಿ ಬುತ್ತಿ ಕಟ್ಟಲು ಕಲಿತಳು. ಕಾಕಾ ಮತ್ತೆಂದೂ ಸೊಂಟದ ಮೇಲೆ ಕೈಯಿಟ್ಟು ನಿಲ್ಲಲಿಲ್ಲ. ಆಯಿ ತಗಡಿನ ಮೇಲೆ ಮಳೆ ಬಡಿಯುವಾಗ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದಳು. ಅಂಥ ಒಂದು ಸಂಜೆ ನನ್ನನ್ನು ಹತ್ತಿರ ಕರೆದಳು. "ಗೀತವ್ವಾ, ನೀ ಕಲತಾಕಿ, ಖರೇ ಹೇಳು. ಆಕಿ ಮ್ಯಾಲೆ ನೋಡದಿದ್ರ ಬೀಳತಿತ್ತೇನ?"

"ಬೀಳತಿತ್ತು ಆಯಿ. ನಾವು ಒಳಗ ಇರತಿದ್ವಿ, ಅಷ್ಟ."

"ನನಗೂ ಗೊತ್ತೈತಿ ಬಿಡು," ಅಂದಳು. ಆಮೇಲೆ ನನಗಲ್ಲ, ಮಳೆಗೆ ಹೇಳುವಂತೆ ಹೇಳಿದಳು: "ಆದ್ರ ದಿನಾ ಅಂಗಾತ ಮಲಗಿ ನಾನೂ ಮ್ಯಾಲೆನ ನೋಡೀನಲ್ಲ. ನನಗ್ಯಾಕ ಕಾಣಲಿಲ್ಲ?"

ಮುಂದೆ ನಾನು ವಿಜ್ಞಾನ ಓದಿದೆ, ಮಕ್ಕಳಿಗೆ ಭಾರ ಒತ್ತಡಗಳ ಪಾಠ ಹೇಳುತ್ತೇನೆ, ಆಯಿಯ ಪ್ರಶ್ನೆ ಅದರಲ್ಲಿಲ್ಲ. ಮನೆ ಬಿದ್ದು ಎರಡು ಮಳೆಗಾಲ ಕಳೆದ ಮೇಲೆ ಆಯಿ ತೀರಿಹೋದಳು. ನಾನು ಎಲ್ಲಿಗೆ ಹೋದರೂ, ಬ್ಯಾಂಕಿಗೆ, ದವಾಖಾನೆಗೆ, ಮದುವೆಯ ಮಂಟಪಕ್ಕೆ, ಮೊದಲು ಮೇಲೆ ನೋಡುತ್ತೇನೆ. ನೋಡಿದ ಕೂಡಲೇ, ನೋಡಿದ್ದರಿಂದಲೇ ಏನಾದರೂ ಆದೀತೆಂಬಂತೆ, ಕಣ್ಣು ಕೆಳಗಿಳಿಸುತ್ತೇನೆ. ಎರಡೂ ನನ್ನಲ್ಲೇ ಇವೆ, ಮೇಡಂ ಕಲಿಸಿದ್ದು ಮತ್ತು ಓಣಿ ಕಲಿಸಿದ್ದು.

ಬಿದ್ದ ಮನೆಯ ಮಣ್ಣನ್ನು ನಾವು ಎತ್ತಿಸಬೇಕಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಓಣಿಯವರು ಒಬ್ಬೊಬ್ಬರಾಗಿ ಬಂದು ಕಾಕಾನನ್ನು ಕೇಳಿದರು. ಹಾಳಮಣ್ಣು ಈಗ ದೂರ ಹೋಗಿ ತರಬೇಕಾಗಿತ್ತು. ನಮ್ಮದು ಇಲ್ಲೇ ರಾಶಿ ಬಿದ್ದಿತ್ತು, ತಲೆಮಾರುಗಳಿಂದ ತುಳಿದು ಹದವಾದದ್ದು. ಕಾಕಾ ಮುಖ ತಿರುಗಿಸಿದ. ಆಗ ಇನ್ನೂ ಬದುಕಿದ್ದ ಆಯಿಯೇ, "ಒಯ್ಯಲಿ ಬಿಡೋ. ಅವರ ಮನಿ ಸೋರದಂಗ ಇರಲಿ" ಅಂದಳು. ಗಾಡಿಗಳು ಬಂದವು, ಬುಟ್ಟಿಗಳು ಬಂದವು, ಜಾಗ ಬರಿದಾಯಿತು. ಮಲ್ಲ್ಯಾನ ಅಪ್ಪನೂ ಎರಡು ಗಾಡಿ ಒಯ್ದ.

ಈಗಲೂ ಜಡಿಮಳೆ ಹಿಡಿದರೆ ನಾನು ಮಲ್ಲ್ಯಾನಿಗೆ ಫೋನು ಮಾಡುತ್ತೇನೆ. "ಹಳೇ ಮಣ್ಣು ತಗದಿಯೇನೋ? ಮ್ಯಾಲೆ ನೋಡಿದಿಯೇನು?" ಅವನು ನಗುತ್ತಾನೆ. "ತಗದೀನಿ, ನೋಡೀನಿ, ಮಾರಾಯ್ತಿ. ನಿಮ್ಮ ಮನಿ ನಮ್ಮ ತಲಿ ಮ್ಯಾಲೆ ಆರಾಮ ಐತಿ. ನೀ ಮಕ್ಕೊ." ನಾನು ಮಲಗುವುದಿಲ್ಲ. ಸಿಮೆಂಟಿನ ಛತ್ತನ್ನು ನೋಡುತ್ತೇನೆ. ಅಲ್ಲಿ ಬಿಳಿ ಸುಣ್ಣ ಬಿಟ್ಟರೆ ಏನೂ ಇಲ್ಲ, ಉದುರಲು ಏನೂ ಇಲ್ಲ. ಸೂಡಿಯ ಓಣಿಯಲ್ಲಿ, ಯಾರಯಾರದೋ ಮಾಳಿಗೆಯ ಮೇಲೆ, ತೆಳ್ಳಗೆ ಹರವಿಕೊಂಡು ನಮ್ಮ ಮನೆ ತೊಯ್ಯುತ್ತಿರುತ್ತದೆ. ಮಳೆ ಬಿಟ್ಟು ಬಿಸಿಲ ಕೋಲು ಇಳಿದಾಗ ಅದರ ಕೆಳಗೆ ಯಾವುದೋ ಮಗು ಅಂಗಾತ ಮಲಗಿ ಧೂಳಿನ ಕಣಗಳು ಏರಿಳಿಯುವುದನ್ನು ನೋಡುತ್ತಿರುತ್ತದೆ.